ನಾಯಿ ತಿನ್ನುವವರು ಅಂತ ಮೊದಲು ಕರೆಸಿಕೊಂಡವರು ನಾವು

2024ರ ಸೆಪ್ಟೆಂಬರ್ 10ರ ರಾತ್ರಿ ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ನಿಂತಿದ್ದ ಡೊನಾಲ್ಡ್ ಟ್ರಂಪ್ ಟಿ.ವಿ. ಚರ್ಚೆಯಲ್ಲಿ ಒಂದು ಮಾತು ಆಡಿದ. ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿಗೆ ಹೈಟಿ ದೇಶದ ಜನ ಬಂದು ತುಂಬಿಕೊಂಡಿದ್ದಾರೆ, ಅವರು ಊರವರು ಸಾಕಿದ ನಾಯಿಗಳನ್ನು ತಿನ್ನುತ್ತಿದ್ದಾರೆ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದ. ಆರೂವರೆ ಕೋಟಿಗೂ ಹೆಚ್ಚು ಜನ ಅದನ್ನು ನೋಡಿದರು. ಆಮೇಲೆ ಆ ಮಾತಿಗೆ ರಾಗ ಹಾಕಿ, ಕುಣಿತ ಸೇರಿಸಿ ಲೋಕವೆಲ್ಲ ಹಂಚಿಕೊಂಡು ನಕ್ಕಿತು. ನಮ್ಮ ಹಾಸ್ಟೆಲುಗಳಿಗೂ ಅದು ಮೊಬೈಲಿನಲ್ಲಿ ಬಂತು. ಗೋವಿನಕೋವಿ ಕಡೆಯಿಂದ ಹೊನ್ನಾಳಿಗೆ, ಶಿವಮೊಗ್ಗಕ್ಕೆ, ದಾವಣಗೆರೆಗೆ ಓದಲು ಬಂದ ನಮ್ಮ ಹುಡುಗರೂ ನಕ್ಕರು. ಸುಳ್ಳು ಯಾಕೆ ಹೇಳಬೇಕು, ನಾವೂ ನಕ್ಕೆವು.

ಈ ಬರಹ ಆ ನಗೆಯ ಬಗ್ಗೆ.

ಮೊದಲು ಆ ಮಾತಿನ ಹುಟ್ಟು ಯಾವುದು ನೋಡೋಣ. ಆ ಊರಿನ ಹೆಂಗಸೊಬ್ಬಳು ಫೇಸ್‌ಬುಕ್ಕಿನಲ್ಲಿ ಒಂದು ಸುದ್ದಿ ಬರೆದಳು. ತಾನು ಕಣ್ಣಾರೆ ಕಂಡದ್ದಲ್ಲ, ಯಾರೋ ಹೇಳಿದ್ದು. ಆ ಯಾರೋ ಕೂಡ ಇನ್ಯಾರಿಂದಲೋ ಕೇಳಿದ್ದು. ನಮ್ಮ ಹಳ್ಳಿ ಕಟ್ಟೆ ಮೇಲೆ 'ಅವರು ಅಂದ್ರಂತೆ, ಇವರು ಕಂಡ್ರಂತೆ' ಅಂತ ಹಬ್ಬುವ ಸುದ್ದಿಯ ಹಾಗೆಯೇ. ಊರಿನ ಆಡಳಿತದವರೂ ಪೊಲೀಸರೂ ಅಂಥದ್ದೊಂದು ನಡೆದಿರುವುದಕ್ಕೆ ನಂಬುವಂಥ ದೂರೇ ಇಲ್ಲ ಎಂದರು. ಬರೆದ ಹೆಂಗಸೇ ಆಮೇಲೆ ಪಶ್ಚಾತ್ತಾಪಪಟ್ಟಳು. ಆದರೆ ಟ್ರಂಪ್ ಪಡಲಿಲ್ಲ. ಅವನ ಜೊತೆ ಉಪಾಧ್ಯಕ್ಷ ಪದವಿಗೆ ನಿಂತಿದ್ದ ಜೆ.ಡಿ. ವಾನ್ಸ್ ಟಿ.ವಿ.ಯಲ್ಲಿ ಕೂತು, ಪತ್ರಿಕೆಯವರ ಗಮನ ಸೆಳೆಯಲು ಕಥೆ ಕಟ್ಟಬೇಕಾಗಿ ಬಂದರೆ ಕಟ್ಟುತ್ತೇನೆ ಎನ್ನುವ ಮಾತನ್ನೇ ಆಡಿದ. ಆ ಊರಿನ ಶಾಲೆಗಳಿಗೆ, ಆಸ್ಪತ್ರೆಗಳಿಗೆ, ಕಚೇರಿಗಳಿಗೆ ಬಾಂಬ್ ಇಟ್ಟಿದ್ದೇವೆ ಎಂಬ ಹುಸಿ ಬೆದರಿಕೆ ಮೂವತ್ತಕ್ಕೂ ಹೆಚ್ಚು ಸಲ ಬಂತು. ಮಕ್ಕಳನ್ನು ಶಾಲೆಯಿಂದ ಮನೆಗೆ ಕಳಿಸಿದರು. ಟ್ರಂಪನ ಪಕ್ಷದವನೇ ಆದ ಆ ರಾಜ್ಯದ ಗವರ್ನರ್ ಶಾಲೆಗಳಿಗೆ ಪೊಲೀಸರನ್ನು ಕಾವಲು ಹಾಕಬೇಕಾಯಿತು.

ಆ ಹೈಟಿಯ ಜನ ಕದ್ದು ನುಗ್ಗಿದವರಲ್ಲ. ಹೆಚ್ಚಿನವರಿಗೆ ಅಲ್ಲಿನ ಸರ್ಕಾರವೇ ಇರಲು ಅನುಮತಿ ಕೊಟ್ಟಿತ್ತು. ಜನ ಕಡಿಮೆಯಾಗಿ ಬಡವಾಗಿದ್ದ ಆ ಊರಿನ ಕಾರ್ಖಾನೆಗಳಿಗೆ, ಗೋದಾಮುಗಳಿಗೆ ಕೈಗಳು ಬೇಕಾಗಿದ್ದವು, ಇವರು ಬಂದರು. ಹೈಟಿಯವರು ಯಾರು ಅಂತ ನಮ್ಮ ಶಾಲೆ ಪುಸ್ತಕದಲ್ಲಿ ಇಲ್ಲ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಕಬ್ಬಿನ ಗದ್ದೆಯಲ್ಲಿ ದುಡಿಸಿದ ಗುಲಾಮರ ಮಕ್ಕಳು ಅವರು. 1791ರಲ್ಲಿ ದಂಗೆ ಎದ್ದು, ನೆಪೋಲಿಯನ್ನನ ಸೈನ್ಯವನ್ನೇ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರ ದೇಶ ಕಟ್ಟಿಕೊಂಡವರು. ಗುಲಾಮರೇ ಗೆದ್ದು ತಮ್ಮದೇ ದೇಶ ಕಟ್ಟಿದ್ದು ಅದೊಂದೇ. ಆ ತಪ್ಪಿಗೆ ದಂಡ ತೆತ್ತರು. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗು ತಂದು ನಿಲ್ಲಿಸಿ, ನಮ್ಮ ಗುಲಾಮರನ್ನೂ ಜಮೀನನ್ನೂ ಕಳೆದುಕೊಂಡೆವು, ಅದಕ್ಕೆ ಪರಿಹಾರ ಕೊಡಿ ಎಂದು 15 ಕೋಟಿ ಫ್ರಾಂಕ್ ಹೇರಿತು. ಆಮೇಲೆ ಅದು 9 ಕೋಟಿಗೆ ಇಳಿಯಿತು, ಆದರೂ ಆ ಸಾಲದ ಬಡ್ಡಿ ಬಾಕಿ ತೀರುವಾಗ 1947 ಆಗಿತ್ತು. ಜೀತದಾಳು ಬಿಡುಗಡೆ ಮಾಡಿಕೊಂಡಿದ್ದಕ್ಕೆ ಸಾಹುಕಾರನಿಗೇ ದುಡ್ಡು ಕಟ್ಟಿದ ಹಾಗೆ. ಅಂಥವರ ಮೊಮ್ಮಕ್ಕಳನ್ನು ನಾಯಿ ತಿನ್ನುವವರು ಎಂದರೆ ನಾವು ನಗುತ್ತೇವೆ!

ಗೆಳೆಯರೇ, ನಾಯಿ ತಿನ್ನುವವರು ಎಂಬ ಬೈಗುಳ ಅಮೆರಿಕದಲ್ಲಿ ಹುಟ್ಟಿದ್ದಲ್ಲ. 'ಶ್ವಪಚ' ಎಂಬ ಮಾತು ಕೇಳಿದ್ದೀರಾ? ಕನ್ನಡ ಪಂಡಿತರನ್ನು ಕೇಳಿ. ಶ್ವ ಅಂದರೆ ನಾಯಿ, ಪಚ ಅಂದರೆ ಬೇಯಿಸುವವನು. ನಾಯಿ ಬೇಯಿಸಿ ತಿನ್ನುವವನು. ಅದು ನಮ್ಮ ಹೆಸರು. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಾಂಡಾಲ, ಶ್ವಪಚ ಎಂಬ ಹೆಸರು ಕೊಟ್ಟ ಬೆನ್ನಿಗೇ ಏನು ಹೇಳುತ್ತದೆ? ಇವರು ಊರ ಹೊರಗಿರಬೇಕು, ಒಡಕು ಮಡಕೆಯಲ್ಲಿ ಉಣ್ಣಬೇಕು, ಹೆಣದ ಬಟ್ಟೆ ಉಡಬೇಕು, ನಾಯಿ ಕತ್ತೆಗಳೇ ಇವರ ಆಸ್ತಿ, ರಾತ್ರಿ ಹೊತ್ತು ಊರಲ್ಲಿ ತಿರುಗಬಾರದು. ಹೆಸರು ಮೊದಲು, ಗಡಿಪಾರು ಆಮೇಲೆ. ಇವನು ಏನು ತಿನ್ನುತ್ತಾನೆ ಗೊತ್ತಾ ಅಂತ ಶುರು ಮಾಡಿ, ಇವನನ್ನು ಎಲ್ಲಿಡಬೇಕು ಗೊತ್ತಾ ಅಂತ ಮುಗಿಸುವುದು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಆ ಪುಸ್ತಕ ಸುಟ್ಟಿದ್ದು ಸುಮ್ಮನೆ ಅಲ್ಲ. ಅದೇ ವರ್ಷ ಮಾರ್ಚಿಯಲ್ಲಿ ಅದೇ ಊರಿನ ಚವದಾರ್ ಕೆರೆಯಲ್ಲಿ ನಾಯಿ ನೀರು ಕುಡಿಯಬಹುದಿತ್ತು, ಮಹಾರನ ಮಗ ಕುಡಿಯುವ ಹಾಗಿರಲಿಲ್ಲ.

ಇದು ಹಳೇ ಕಾಲದ ಕಥೆ ಎನ್ನುವವರಿಗೆ ಹೊಸ ಕಾಲದ್ದು ಹೇಳುತ್ತೇವೆ. 2018ರ ಜನವರಿಯಲ್ಲಿ ಬಳ್ಳಾರಿಯಲ್ಲಿ ನಮ್ಮ ಕಾರ್ಯಕರ್ತರು, ಸಂವಿಧಾನ ಬದಲಾಯಿಸುವ ಮಾತಾಡಿದ್ದ ಅನಂತಕುಮಾರ ಹೆಗಡೆಯವರ ಕಾರಿಗೆ ಅಡ್ಡ ನಿಂತು ಪ್ರತಿಭಟಿಸಿದರು. ಆಗ ಕೇಂದ್ರದಲ್ಲಿ ಮಂತ್ರಿಯಾಗಿದ್ದ ಅವರು ವೇದಿಕೆ ಹತ್ತಿ, ಬೀದಿನಾಯಿ ಬೊಗಳಿದರೆ ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬರ್ಥದಲ್ಲಿ ಮಾತಾಡಿದರು. ಗಲಾಟೆ ಆದಮೇಲೆ ದಲಿತರಿಗೆ ಅಂದದ್ದಲ್ಲ ಎಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಸಭೆಯೊಂದರಲ್ಲಿ, ಆಗ ಬಿಜೆಪಿಯ ಅಧ್ಯಕ್ಷರಾಗಿದ್ದ ಅಮಿತ್ ಶಾ ಬಾಂಗ್ಲಾದಿಂದ ಬಂದವರನ್ನು ಗೆದ್ದಲು ಎಂದರು. 2019ರ ಏಪ್ರಿಲ್‌ನಲ್ಲಿ ಬಂಗಾಳದಲ್ಲಿ ಅದೇ ಮಾತು ಮತ್ತೆ ಆಡಿ, ಹಿಡಿದು ಬಂಗಾಳ ಕೊಲ್ಲಿಗೆ ಎಸೆಯುತ್ತೇವೆ ಎಂದರು. ಮುಂದಿನ ತಿಂಗಳು ದೇಶದ ಗೃಹಮಂತ್ರಿಯಾದರು.

ಇಲ್ಲಿ ನಮಗೆ ಬಸವಲಿಂಗಪ್ಪನವರು ನೆನಪಾಗುತ್ತಾರೆ. 1973ರ ನವೆಂಬರಿನಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಪುಸ್ತಕಕ್ಕೆ ಅಂದದ್ದು, ಮನುಷ್ಯರಿಗಲ್ಲ. ಅಷ್ಟಕ್ಕೇ ಬೆಂಗಳೂರು, ಮೈಸೂರುಗಳಲ್ಲಿ ಮೆರವಣಿಗೆ ಹೊರಟು, ನಮ್ಮ ಹಾಸ್ಟೆಲುಗಳಿಗೆ ನುಗ್ಗಿ ನಮ್ಮ ಹಿರಿಯಣ್ಣಂದಿರನ್ನು ಹೊಡೆದರು. ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಆ ಏಟು ತಿಂದವರೇ ಸಂಘಟನೆ ಕಟ್ಟಿದರು ಅಂತ ನಾವು ಸಭೆ ಸಭೆಯಲ್ಲಿ ಹೇಳಿಕೊಳ್ಳುತ್ತೇವೆ. ಪುಸ್ತಕವನ್ನು ಬೂಸಾ ಎಂದವರ ಕುರ್ಚಿ ಹೋಗುತ್ತದೆ, ಮನುಷ್ಯರನ್ನು ಗೆದ್ದಲು ಎಂದವರಿಗೆ ಕುರ್ಚಿ ಬರುತ್ತದೆ. ಇದು ಈ ದೇಶದ ತಕ್ಕಡಿ.

ಗೆದ್ದಲು ಅಂದರೇನು, ಒಂದು ಮಾತು ತಾನೇ ಅನ್ನಬೇಡಿ. ಗೆದ್ದಲು ಕಂಡರೆ ನಮ್ಮವ್ವ ಏನು ಮಾಡುತ್ತಾಳೆ? ಸೀಮೆಎಣ್ಣೆ ಸುರಿಯುತ್ತಾಳೆ. ಗೆದ್ದಲಿನ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ, ಮರಿ ಯಾವುದು ಮುದಿ ಯಾವುದು ನೋಡುವುದಿಲ್ಲ. ಆಫ್ರಿಕಾದ ರುವಾಂಡದಲ್ಲಿ ಟುಟ್ಸಿ ಜನರನ್ನು ರೇಡಿಯೋದಲ್ಲಿ ಜಿರಳೆ, ಜಿರಳೆ ಅಂತ ತಿಂಗಳುಗಟ್ಟಲೆ ಕರೆದರು. 1994ರಲ್ಲಿ ನೂರು ದಿನದಲ್ಲಿ ಸುಮಾರು 8 ಲಕ್ಷ ಜನರನ್ನು ಮಚ್ಚಿನಲ್ಲಿ ಕಡಿದರು. ಕಡಿದವರು ಸೈನಿಕರಷ್ಟೇ ಅಲ್ಲ, ಪಕ್ಕದ ಮನೆಯವರು.

ನಮ್ಮ ಕರ್ನಾಟಕದಲ್ಲಿ ಸೀಮೆಎಣ್ಣೆಯ ಬದಲು ಜೆಸಿಬಿ ಬಂತು. 2020ರ ಜನವರಿ. ಬೆಂಗಳೂರಿನ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರ. ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಪಕ್ಕದಲ್ಲಿ ತಗಡು, ಟಾರ್ಪಾಲು ಹೊದಿಸಿದ ಗುಡಿಸಲು. ಆ ಅಪಾರ್ಟ್‌ಮೆಂಟುಗಳ ಕಸ ಗುಡಿಸುವವರು, ಮನೆಗೆಲಸದವರು, ಕಾವಲಿನವರು, ಕಟ್ಟಡ ಕೂಲಿಯವರು ಅಲ್ಲಿದ್ದರು. ಆ ಕ್ಷೇತ್ರದ ಆಗಿನ ಶಾಸಕ ಅರವಿಂದ ಲಿಂಬಾವಳಿಯವರು ಜನವರಿ 12ರಂದು ಒಂದು ವಿಡಿಯೋ ಹಾಕಿ, ಇಲ್ಲಿ ಅಕ್ರಮ ಶೆಡ್ಡುಗಳಿವೆ, ಇಲ್ಲಿರುವವರಲ್ಲಿ ಅಕ್ರಮ ಬಾಂಗ್ಲಾದೇಶಿಗಳಿರುವ ಅನುಮಾನ ಇದೆ ಎಂದರು. ಒಂದು ವಾರದಲ್ಲಿ, 19ನೇ ತಾರೀಖು, ಪೊಲೀಸರ ಕಾವಲಿನಲ್ಲಿ ಗುಡಿಸಲುಗಳು ನೆಲಸಮ. ಕಾಗದ ತೋರಿಸುತ್ತೇವೆ ಎಂದವರ ಕಾಗದ ನೋಡುವ ವ್ಯವಧಾನವೂ ಇರಲಿಲ್ಲ. ಆಧಾರ್ ಇತ್ತು, ವೋಟರ್ ಕಾರ್ಡಿತ್ತು. ಅಲ್ಲಿದ್ದವರು ಯಾರು? ಅಸ್ಸಾಮಿನವರು, ತ್ರಿಪುರದವರು, ಬಂಗಾಳದವರು. ಜೊತೆಗೆ ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಹೋದ ಕನ್ನಡದ ಮಕ್ಕಳು! ಕನ್ನಡದಲ್ಲೇ ಅತ್ತರೂ ಜೆಸಿಬಿಗೆ ಕೇಳಿಸಲಿಲ್ಲ. ಪಿ.ಯು.ಸಿ.ಎಲ್. ಸಂಘಟನೆ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವು ತಡೆಯಿತು, ಗುಡಿಸಲು ಕಳೆದುಕೊಂಡವರಿಗೆ ಪರಿಹಾರ, ಪುನರ್ವಸತಿಯ ಹೊಣೆ ಸರ್ಕಾರದ್ದು ಎಂದಿತು. ಅಷ್ಟರಲ್ಲಿ ಎಷ್ಟೋ ಸಂಸಾರ ಗಂಟು ಕಟ್ಟಿ ಹೊರಟಾಗಿತ್ತು.

ಒಂದು ಮಾತು ನಾವು ನಾವೇ ಮಾತಾಡಿಕೊಳ್ಳಬೇಕು. ಮಹದೇವಪುರ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಆ ಕುರ್ಚಿ ಬಾಬಾಸಾಹೇಬರು ಗಾಂಧೀಜಿ ಜೊತೆ ಜಗಳವಾಡಿ ಕೊಡಿಸಿದ್ದು. ಊರ ಹೊರಗಿನವರಿಗಾಗಿ ಮಾಡಿದ ಕುರ್ಚಿಯಲ್ಲಿ ಕೂತು ಊರ ಹೊರಗಿನ ಗುಡಿಸಲಿಗೆ ಬೆರಳು ತೋರಿಸುವುದು ಹೇಗೆ ಸಾಧ್ಯವಾಯಿತು? ಮನುಷ್ಯ ಕೆಟ್ಟವನು ಅಂತ ಬೈದು ಮುಗಿಸಬಹುದು. ಹಾಗೆ ಮುಗಿಸುವುದು ಸುಲಭ. ನಮ್ಮ ಹಾಸ್ಟೆಲಿನ ರೂಮಿನಲ್ಲೇ, ಮೇಲಿನ ಮಂಚದವನು 'ಆ ಬಾಂಗ್ಲಾದವರನ್ನ ಒದ್ದು ಓಡಿಸಬೇಕು ಕಣೋ' ಅಂದಾಗ ಕೆಳಗಿನ ಮಂಚದವನು ಹೂಂಗುಟ್ಟಿದ್ದು ನಾವು ಕೇಳಿದ್ದೇವೆ.

ಹಾಸ್ಟೆಲಿನ ಮಂಚ ಅಂದಾಗ ಇನ್ನೊಂದು ಹೇಳಲೇಬೇಕು. ನೆಲಮಂಗಲದ ಹತ್ತಿರ ಸೊಂಡೆಕೊಪ್ಪ ಅಂತ ಊರಿದೆ. ಅಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಇತ್ತು. ನಮ್ಮಂಥ ಮಕ್ಕಳಿಗೇ ಕಟ್ಟಿದ್ದು. ಮಕ್ಕಳಿಲ್ಲದೆ ಮುಚ್ಚಿತ್ತು. 2019ರಲ್ಲಿ ಆ ಕಟ್ಟಡಕ್ಕೆ ಎತ್ತರದ ಕಾಂಪೌಂಡು ಹಾಕಿ, ಮೇಲೆ ಮುಳ್ಳುತಂತಿ ಸುತ್ತಿ, ಕಾವಲು ಗೋಪುರ ಕಟ್ಟಿ, ಅಕ್ರಮ ವಿದೇಶಿಯರನ್ನು ಕೂಡಿಹಾಕುವ ಕೇಂದ್ರ ಮಾಡಿದರು. ರಾಜ್ಯದಲ್ಲಿ ಅದೇ ಮೊದಲನೆಯದು. ಸರ್ಕಾರಕ್ಕೆ ಬೇರೆ ಕಟ್ಟಡ ಸಿಗಲಿಲ್ಲವೋ ಏನೋ. ಅಥವಾ ಎರಡಕ್ಕೂ ನಕ್ಷೆ ಒಂದೇ ಇರಬೇಕು: ಊರಿಂದ ಆಚೆ, ಸಾಲು ರೂಮು, ಒಂದೇ ಗೇಟು.

ಈಗ ನಿರಾಶ್ರಿತರು ಅಂದರೆ ಯಾರು ಅಂತ ನೋಡೋಣ. ನಮ್ಮ ಹೊನ್ನಾಳಿ ಮುಂದೆ ಹರಿಯುವ ತುಂಗಭದ್ರೆ ಹೊಸಪೇಟೆ ಡ್ಯಾಮಿನಲ್ಲಿ ನಿಂತು, ಎಡದಂಡೆ ಕಾಲುವೆಯಾಗಿ ರಾಯಚೂರು ಜಿಲ್ಲೆಯ ಸಿಂಧನೂರಿಗೆ ಹೋಗುತ್ತಾಳೆ. ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು, ನಾಲ್ಕು ಅಂತ ಊರುಗಳಿವೆ. ಸುತ್ತಲಿನವರು ಬಂಗಾಲಿ ಕ್ಯಾಂಪ್ ಅನ್ನುತ್ತಾರೆ. ಪೂರ್ವ ಪಾಕಿಸ್ತಾನದಿಂದ ಓಡಿ ಬಂದವರನ್ನು 1970ರ ದಶಕದ ಆರಂಭದಲ್ಲಿ ಸರ್ಕಾರ ತಂದು ಅಲ್ಲಿ ಕೂರಿಸಿತು. ಅವರಲ್ಲಿ ಹೆಚ್ಚಿನವರು ನಾಮಶೂದ್ರರು. ನಾಮಶೂದ್ರರು ಯಾರು? 1911ರ ಜನಗಣತಿಯಲ್ಲಿ ಹೋರಾಡಿ ಹೆಸರು ಬದಲಾಯಿಸಿಕೊಳ್ಳುವ ತನಕ ಸರ್ಕಾರಿ ಲೆಕ್ಕದಲ್ಲಿ ಅವರ ಹೆಸರು ಚಾಂಡಾಲ. ಮನುವಿನ ಪುಸ್ತಕದಲ್ಲಿ ಶ್ವಪಚನ ಪಕ್ಕದಲ್ಲಿ ನಿಂತಿರುವ ಅದೇ ಚಾಂಡಾಲ. ನಮ್ಮ ಅಣ್ಣತಮ್ಮಂದಿರು ಕಣ್ರೀ!

ಇವರ ಋಣ ನಮ್ಮ ಮೇಲಿದೆ. 1946ರಲ್ಲಿ ಬಾಬಾಸಾಹೇಬರಿಗೆ ಸಂವಿಧಾನ ಸಭೆಗೆ ಹೋಗಲು ಬೊಂಬಾಯಿಯಲ್ಲಿ ದಾರಿ ಮುಚ್ಚಿತ್ತು. ಆಗ ಬಂಗಾಳದಿಂದ ಅವರನ್ನು ಗೆಲ್ಲಿಸಿ ಕಳಿಸಿದವರು ನಾಮಶೂದ್ರರ ನಾಯಕ ಜೋಗೇಂದ್ರನಾಥ ಮಂಡಲ್. ಆ ಮನುಷ್ಯ ದೇಶ ಒಡೆದಾಗ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು, ಅಲ್ಲಿ ತಮ್ಮ ಜನರ ಮೇಲೆ ನಡೆದ ದೌರ್ಜನ್ಯ ತಡೆಯಲಾಗದೆ 1950ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟು ಕಲ್ಕತ್ತೆಗೆ ಬಂದರು. ನಿರಾಶ್ರಿತರ ಜೊತೆ ನಿರಾಶ್ರಿತರಾಗಿ ಉಳಿದು 1968ರಲ್ಲಿ ತೀರಿಕೊಂಡರು. ನಾವು ಕೈಯಲ್ಲಿ ಹಿಡಿದು ಮೆರವಣಿಗೆ ಮಾಡುವ ಸಂವಿಧಾನದ ಹಿಂದೆ ಒಬ್ಬ ನಿರಾಶ್ರಿತನಿದ್ದಾನೆ.

ಅವರ ಜನರ ಗತಿ ಏನಾಯಿತು? ಮೇಲುಜಾತಿಯ ನಿರಾಶ್ರಿತರಿಗೆ ಕಲ್ಕತ್ತೆಯ ಸುತ್ತಮುತ್ತ ಕಾಲೋನಿಯಾಯಿತು. ನಾಮಶೂದ್ರರನ್ನು ದಂಡಕಾರಣ್ಯದ ಕಲ್ಲು ನೆಲಕ್ಕೆ ಸಾಗಿಸಿದರು. ಅಲ್ಲಿರಲಾರದೆ ಸಾವಿರಾರು ಸಂಸಾರ 1978ರಲ್ಲಿ ಸುಂದರಬನದ ಮರಿಚ್‌ಝಾಪಿ ದ್ವೀಪಕ್ಕೆ ಬಂದು, ತಾವೇ ಗುಡಿಸಲು ಹಾಕಿ, ಶಾಲೆ ಕಟ್ಟಿಕೊಂಡರು. ಇದು ಮೀಸಲು ಅರಣ್ಯ, ಹೊರಡಿ ಎಂದಿತು ಸರ್ಕಾರ. ಕೆಂಪು ಬಾವುಟದ ಸರ್ಕಾರ ಅದು, ಜ್ಯೋತಿ ಬಸು ಅವರದ್ದು. 1979ರ ಜನವರಿಯಲ್ಲಿ ದೋಣಿ ಅಡ್ಡಹಾಕಿ ಅಕ್ಕಿ ನೀರು ನಿಲ್ಲಿಸಿದರು, ಗುಂಡು ಹಾರಿಸಿದರು, ಮೇ ತಿಂಗಳಲ್ಲಿ ಗುಡಿಸಲು ಸುಟ್ಟು ಓಡಿಸಿದರು. ಸತ್ತವರ ಲೆಕ್ಕ ಇವತ್ತಿಗೂ ಒಂದಾಗಿಲ್ಲ. ಹೀಗಾಗಿ, ಬಲದವರನ್ನು ಬೈದು ಎಡದವರ ಮಡಿಲಲ್ಲಿ ಕೂರುವ ಕೆಲಸ ನಮ್ಮದಲ್ಲ. ಸಿಂಧನೂರಿನ ಕ್ಯಾಂಪಿನವರು ಬಂಗಾಳದಲ್ಲಿದ್ದರೆ ಪರಿಶಿಷ್ಟ ಜಾತಿ, ಕರ್ನಾಟಕದಲ್ಲಿ ಅಲ್ಲ. ಐವತ್ತು ವರ್ಷದಿಂದ ಇಲ್ಲಿ ಭತ್ತ ಬೆಳೆದೂ ಸರ್ಟಿಫಿಕೇಟಿಗೆ ಅಲೆಯುತ್ತಾ ಬಂದಿದ್ದಾರೆ. ಈ ಬಗ್ಗೆ ನಮ್ಮ ಸಂಘಟನೆಗಳು ಬಾಯಿ ಬಿಟ್ಟದ್ದು ಕಡಿಮೆ.

ಈಗ ನಮ್ಮ ಹುಡುಗರು ಕೇಳುವ ನಿಜವಾದ ಪ್ರಶ್ನೆಗೆ ಬರುತ್ತೇವೆ. ಇದನ್ನು ತಪ್ಪಿಸಿಕೊಂಡರೆ ಮೇಲೆ ಬರೆದದ್ದೆಲ್ಲ ಬರೀ ಭಾಷಣ. 'ಅಣ್ಣಾ, ನೀವು ಹೇಳೋದು ಸರಿ. ಆದ್ರೆ ನಮ್ಮಪ್ಪ ನಮ್ಮವ್ವ ವರ್ಷಾ ವರ್ಷಾ ಕಾಫಿ ಸೀಮೆಗೆ ಹೋಗ್ತಿದ್ರು. ಈಗ ಹೋದ್ರೆ ಲೈನ್ ಮನೆ ತುಂಬ ಅಸ್ಸಾಮಿನವರು. ನಮಗೆ ಕೆಲ್ಸ ಇಲ್ಲ ಅಂತಾರೆ. ನಮ್ಮ ಹೊಟ್ಟೆ ಮೇಲೆ ಹೊಡೆದವರನ್ನ ಏನಂತ ಕರೀಬೇಕು?'

ನ್ಯಾಯವಾದ ಪ್ರಶ್ನೆ. ನಮ್ಮ ತಾಂಡಾಗಳಿಂದ, ಎ.ಕೆ. ಕಾಲೋನಿಗಳಿಂದ, ಮಳೆಯಿಲ್ಲದ ಜಗಳೂರು ಕಡೆಯಿಂದ ಡಿಸೆಂಬರ್ ಬಂತೆಂದರೆ ಮಕ್ಕಳುಮರಿ ಕಟ್ಟಿಕೊಂಡು ಚಿಕ್ಕಮಗಳೂರಿನ ತೋಟಗಳಿಗೆ ಕಾಫಿ ಹಣ್ಣು ಕೊಯ್ಯಲು ಹೋಗುವುದು ನಮಗೆ ಗೊತ್ತು. ಆದರೆ ತಮ್ಮಾ, ನಮ್ಮವರು ಅಲ್ಲಿಗೆ ಮೊದಲು ಹೇಗೆ ಹೋದರು? ಅಲ್ಲಿನ ಕೂಲಿಯವರು ಕೂಲಿ ಜಾಸ್ತಿ ಕೇಳಿದಾಗ, ಬಯಲುಸೀಮೆಯಿಂದ ಕಡಿಮೆಗೆ ಬರುವವರು ಸಿಗುತ್ತಾರೆ ಅಂತ ಮೇಸ್ತ್ರಿ ಮುಂಗಡ ಕೊಟ್ಟು ನಮ್ಮವರನ್ನು ಲಾರಿ ಹತ್ತಿಸಿದ. ಆಗ ಅಲ್ಲಿಯವರು ನಮ್ಮವ್ವಂದಿರನ್ನು ಏನಂತ ಕರೆದರು ಅಂತ ಮನೆಗೆ ಹೋದಾಗ ಕೇಳಿನೋಡು. ನಮ್ಮವರೂ ಈಗ ಹಳ್ಳಿಯ ಕೂಲಿ ನೋಡಿ ಅಷ್ಟಕ್ಕೆ ಬರುವುದಿಲ್ಲ ಎನ್ನುತ್ತಾರೆ, ಅದಕ್ಕೆ ಮೇಸ್ತ್ರಿ ಇನ್ನೂ ದೂರದವರನ್ನು ರೈಲು ಹತ್ತಿಸಿದ್ದಾನೆ. ಅಸ್ಸಾಮಿನವನು ತನ್ನ ಕೂಲಿ ತಾನು ಬರೆದುಕೊಳ್ಳುವುದಿಲ್ಲ, ತೋಟದ ರೈಟರು ಬರೆಯುತ್ತಾನೆ. ಆ ಅಸ್ಸಾಮಿನವನಿಗೆ ಬಾಂಗ್ಲಾ ಎಂಬ ಹೆಸರಿಟ್ಟರೆ ಲಾಭ ಯಾರಿಗೆ? ಪೊಲೀಸರ ಹೆದರಿಕೆ ಇರುವವನು ಕೂಲಿ ಜಾಸ್ತಿ ಕೇಳುವುದಿಲ್ಲ, ಪಿ.ಎಫ್. ಕೇಳುವುದಿಲ್ಲ, ಕೈ ಮುರಿದರೆ ಪರಿಹಾರ ಕೇಳುವುದಿಲ್ಲ. ನಾವು ಹೆಸರಿಟ್ಟಷ್ಟೂ ಅವನು ಅಗ್ಗ. ಅವನು ಅಗ್ಗವಾದಷ್ಟೂ ನಮ್ಮಪ್ಪನಿಗೆ ಕೆಲಸವಿಲ್ಲ.

ದೇಶಕ್ಕೆ ಗಡಿ ಬೇಡ, ಕಾನೂನು ಬೇಡ ಅಂತ ನಾವು ಹೇಳುತ್ತಿಲ್ಲ. ಸರ್ಕಾರ ಕಾಗದ ಕೇಳಲಿ, ವಿಚಾರಣೆ ಮಾಡಲಿ. ಆದರೆ ವಿಚಾರಣೆ ಮನುಷ್ಯನಿಗೆ. ಗೆದ್ದಲಿಗೆ ಯಾರೂ ನೋಟಿಸು ಕೊಡುವುದಿಲ್ಲ. ಕಾಗದದ ಮಾತು ಬಂದರೆ ನಮ್ಮ ಗತಿಯನ್ನೂ ಯೋಚಿಸಿ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪೌರರ ಪಟ್ಟಿ ಹೊರಬಿದ್ದಾಗ 19 ಲಕ್ಷ ಜನರ ಹೆಸರಿರಲಿಲ್ಲ. ನಮ್ಮ ಅಜ್ಜಿ ಹುಟ್ಟಿದ ದಿನ ಯಾವ ರಿಜಿಸ್ಟರಿನಲ್ಲಿದೆ? ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ಜಾತ್ರೆಗೆ ಲಕ್ಷಗಟ್ಟಲೆ ಬಂಜಾರರು ಬರುತ್ತಾರಲ್ಲ, ಅವರಲ್ಲಿ ಎಷ್ಟೋ ತಾಂಡಾಗಳು ಮೊನ್ನೆ ಮೊನ್ನೆಯ ತನಕ ಕಂದಾಯ ಗ್ರಾಮವೇ ಆಗಿರಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರ ಲಂಬಾಣಿ ಸಂಸಾರಗಳಿಗೆ ಹಕ್ಕುಪತ್ರ ಕೊಟ್ಟೆವು ಅಂತ ದೊಡ್ಡ ಸಮಾರಂಭ ಮಾಡಿದರು. ಅಂದರೆ ಅಲ್ಲಿಯ ತನಕ ಆ ಐವತ್ತು ಸಾವಿರ ಸಂಸಾರ ತಾವು ಮಲಗುವ ನೆಲಕ್ಕೆ ಕಾಗದವಿಲ್ಲದೆ ಬದುಕಿದ್ದವು. ಬಗರ್ ಹುಕುಂ ಸಾಗುವಳಿ ಮಾಡುವ ನಮ್ಮವರ ಅರ್ಜಿಗಳು ತಾಲ್ಲೂಕು ಕಚೇರಿಗಳಲ್ಲಿ ಧೂಳು ತಿನ್ನುತ್ತಿವೆ.

ಟ್ರಂಪ್ ಕಡೆಗೆ ಒಮ್ಮೆ ತಿರುಗಿ ಮುಗಿಸುತ್ತೇವೆ. ಆ ನಾಯಿ ಬೆಕ್ಕಿನ ಮಾತಿಗೂ ಮುಂಚೆ, 2023ರ ಡಿಸೆಂಬರಿನಲ್ಲಿ, ವಲಸೆ ಬಂದವರು ನಮ್ಮ ದೇಶದ ರಕ್ತಕ್ಕೆ ವಿಷ ಬೆರೆಸುತ್ತಿದ್ದಾರೆ ಎಂದಿದ್ದ. ರಕ್ತ, ಮೈಲಿಗೆ, ಬೆರಕೆ: ಈ ಶಾಸ್ತ್ರ ಅವನು ಇಲ್ಲಿಗೆ ಬಂದು ಕಲಿಯಲಿಲ್ಲ, ಆದರೂ ನಮಗೆ ಎಷ್ಟು ಪರಿಚಯ! 2024ರ ಏಪ್ರಿಲ್‌ನಲ್ಲಿ, ಕೊಲೆ ಆರೋಪದ ವಲಸಿಗರ ಬಗ್ಗೆ ಮಾತಾಡುತ್ತಾ, ಅವರು ಮನುಷ್ಯರಲ್ಲ, ಪ್ರಾಣಿಗಳು ಎಂದ. ನವೆಂಬರಿನಲ್ಲಿ ಗೆದ್ದ. ನಮ್ಮ ದೇಶದಲ್ಲೂ ಅವನ ಗೆಲುವಿಗೆ ಹೋಮ ಮಾಡಿದವರಿದ್ದರು. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನವೊಂದು ಅಮೃತಸರದಲ್ಲಿ ಇಳಿಯಿತು. ಒಳಗೆ 104 ಭಾರತೀಯರು. ಪಂಜಾಬಿನವರು, ಹರಿಯಾಣದವರು, ಗುಜರಾತಿನವರು. ದಾರಿಯುದ್ದಕ್ಕೂ ಕೈಗೆ ಬೇಡಿ, ಕಾಲಿಗೆ ಸರಪಳಿ. ಹೋಮ ಮಾಡಿದವರಿಗೆ ಆ ದಿನ ಏನೂ ಕಾಣಿಸಲಿಲ್ಲ.

ಈ ಸಲ ಕೊಯ್ಲಿಗೆ ಮನೆಯವರ ಜೊತೆ ತೋಟಕ್ಕೆ ಹೋಗುವ ಹಾಸ್ಟೆಲ್ ಹುಡುಗರು ಒಂದು ಕೆಲಸ ಮಾಡಬೇಕು. ಲೈನ್ ಮನೆಯಲ್ಲಿ ಪಕ್ಕದ ಕೋಣೆಯ ಅಸ್ಸಾಮಿನವನ ಹೆಸರು ಕೇಳಿ. ಯಾವ ಊರು, ಯಾವ ಜಾತಿ, ಮೇಸ್ತ್ರಿ ಮುಂಗಡ ಎಷ್ಟು ಕೊಟ್ಟ, ದಿನಕ್ಕೆ ಎಷ್ಟು ಕೊಡುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತವಾ ಅಂತ ಕೇಳಿ ಬರೆದುಕೊಳ್ಳಿ. ನಮ್ಮವರಿಗೆ ಎಷ್ಟು ಕೊಡುತ್ತಾರೆ ಎಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ಹಿಂದಿ ಬರದಿದ್ದರೆ ಕೈಸನ್ನೆಯಲ್ಲಾದರೂ ಕೇಳಿ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ಗೆಳೆಯರು ಆ ಪಟ್ಟಿಗಳನ್ನು ಮುಂದಿನ ಸಭೆಗೆ ತನ್ನಿ. ಎರಡೂ ಕೂಲಿಯನ್ನು ಒಂದೇ ಹಾಳೆಯಲ್ಲಿಟ್ಟು ಕಾರ್ಮಿಕ ಇಲಾಖೆಗೆ ಒಂದೇ ಅರ್ಜಿ ಕೊಡೋಣ.

ಜೈ ಭೀಮ್.